ಗ್ರೈಂಡರ್ ಮುಂದಿನ ಮಣೆ

ಮೈಸೂರು
ಮೇ 4, 2025, ಭಾನುವಾರ

ಪುಟ್ಟಿ ಚೀರಿದ ಸದ್ದು ಇನ್ನೂ ಕಿವಿಯಲ್ಲಿದೆ. ದೋಸೆಗೆ ರುಬ್ಬುತ್ತಿದ್ದ ಗ್ರೈಂಡರನ್ನು ಒದ್ದೆ ಕಾಲಲ್ಲಿ ನಿಂತು ಮುಟ್ಟಿಬಿಟ್ಟಿದ್ದಳು. ಕೈ ಬಿಟ್ಟುಬಂತು, ನಮ್ಮ ಪುಣ್ಯ. ಅಮ್ಮ ಓಡಿಬಂದು ಎತ್ತಿಕೊಂಡು, "ಮಣೆ ಮೇಲೆ ನಿಂತ್ಕೊಂಡು ಮುಟ್ಟು ಅಂತ ಹೇಳಿರ್ಲಿಲ್ವೇನೇ ಕಂದ" ಅಂದಳು.

ಹೇಳಿದ್ದೆವು. ಮನೆಗೆ ಯಾರೇ ಬಂದರೂ ಹೇಳುತ್ತೇವೆ. ಹತ್ತು ವರ್ಷದಿಂದ ಆ ಮಣೆ ಅಲ್ಲೇ ಇದೆ. "ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೆ" ಅಂದುಕೊಂಡೇ ಹಬ್ಬಹಬ್ಬಕ್ಕೂ ರುಬ್ಬಿದ್ದೇವೆ. ರಜೆಗೆ ಬಂದ ತಮ್ಮನ ಮಗಳಿಗೆ, ಆರು ವರ್ಷದ ಕೂಸಿಗೆ, ನಾವು ಕಲಿಸಿದ್ದು ಇದನ್ನು. ಆ ಮಣೆಯನ್ನು ನೋಡಲು ಆಗುತ್ತಿಲ್ಲ. ಗ್ರೈಂಡರಿನ ಪಿನ್ ಕಿತ್ತು ಮೂಲೆಗೆ ಇಟ್ಟಿದ್ದೇನೆ.

ಮೇ 6, ಮಂಗಳವಾರ

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಬಂದಿದ್ದರು. ಅಡುಗೆಮನೆಯ ಸಾಕೆಟ್ ಬಿಚ್ಚಿ ಕರೆದರು. ಮೂರು ಪಿನ್ನಿನ ಸಾಕೆಟ್, ಆದರೆ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲ. ಅರ್ತ್ ಇಲ್ಲದ ಮನೆಯಲ್ಲಿ ಗ್ರೈಂಡರಿನ ಮೈಗೆ ಸೋರಿದ ಕರೆಂಟು ನೆಲಕ್ಕಿಳಿಯಲು ನಮ್ಮ ಮೈಯನ್ನೇ ದಾರಿ ಮಾಡಿಕೊಂಡಿತ್ತು.

ಆಮೇಲೆ ಮೀಟರ್ ಪಕ್ಕದ ಹಲಗೆ. 1968ರಲ್ಲಿ ಮನೆ ಕಟ್ಟಿದಾಗ ಹಾಕಿದ್ದು: ಕಬ್ಬಿಣದ ಮೈನ್ ಸ್ವಿಚ್, ಕೆಳಗೆ ಸಾಲಾಗಿ ಪಿಂಗಾಣಿ ಫ್ಯೂಸ್‌ಗಳು. ಒಂದೊಂದನ್ನೇ ಎಳೆದು ನನ್ನ ಕೈಗೆ ಕೊಟ್ಟರು. ಅಡುಗೆಮನೆಯದರಲ್ಲಿ ಫ್ಯೂಸ್ ವೈರ್ ಇರಲಿಲ್ಲ. ತಾಮ್ರದ ವೈರಿನ ನಾಲ್ಕು ಎಳೆಗಳನ್ನು ಒಟ್ಟಿಗೆ ಹೊಸೆದು ಬಿಗಿದಿತ್ತು. ಆ ಹೊಸೆತ ನನಗೆ ಗೊತ್ತು. ಹೂವಿನ ಬಳ್ಳಿ ಕಟ್ಟುವಾಗಲೂ ಅಪ್ಪ ದಾರವನ್ನು ಹಾಗೇ ಹೊಸೆಯುತ್ತಿದ್ದರು. ಮಿಕ್ಸಿ ಬಂದ ವರ್ಷ ಫ್ಯೂಸ್ ಮೇಲೆ ಫ್ಯೂಸ್ ಹೋಗುತ್ತಿತ್ತು. ಒಂದು ರಾತ್ರಿ ಟಾರ್ಚ್ ಹಿಡಿದವಳು ನಾನೇ. ಆಮೇಲೆ ಹೋಗಲಿಲ್ಲ.

"ನಮ್ಮೆಜಮಾನ್ರು ಹಾಕಿದ್ಮೇಲೆ ಒಂದು ದಿನ ಕೆಟ್ಟಿಲ್ಲ" ಅಂದಳು ಅಮ್ಮ.

"ಅಮ್ಮಾ, ಕೆಡಬೇಕಾದಾಗ ಕೆಡೋದೇ ಅದರ ಕೆಲಸ" ಅಂದರು ಅವರು, ಬಹಳ ಮೆತ್ತಗೆ. ಎಳೆಗಳು ಕರಗದಿದ್ದರೆ ಗೋಡೆಯೊಳಗಿನ ತಂತಿ ಕಾಯುತ್ತದೆ. ತೋರಿಸಿದರು: ಸ್ವಿಚ್‌ಬೋರ್ಡಿನ ಹಿಂದೆ ತಂತಿಯ ರಬ್ಬರ್ ಸುಟ್ಟ ಹಪ್ಪಳದ ಹಾಗೆ ಮುಟ್ಟಿದರೆ ಉದುರುತ್ತಿತ್ತು. ನ್ಯೂಟ್ರಲ್ಲಿಗೂ ಒಂದೊಂದು ಫ್ಯೂಸ್ ಇತ್ತು. ಅದು ಹೋದರೆ ದೀಪ ಆರುತ್ತದೆ, ಕರೆಂಟು ಮಾತ್ರ ಹೋಲ್ಡರಿನಲ್ಲೇ ಕಾದು ಕೂತಿರುತ್ತದೆ. ಆರಿದೆ ಎಂದು ಬಲ್ಬಿಗೆ ಕೈ ಹಾಕಿದವರ ಗತಿ? ಅಪ್ಪ ಎಷ್ಟು ಸಲ ಸ್ಟೂಲ್ ಹತ್ತಿದ್ದರು.

ಮೇ 8, ಗುರುವಾರ

ಸಾಮಾನು ತಂದೆವು. ಫ್ಯೂಸ್ ಬದಲು ಎಂಸಿಬಿ: ದೀಪ, ಫ್ಯಾನಿಗೆ 6 ಆಂಪಿಯರ್, ಅಡುಗೆಮನೆಗೆ 16, ಗೀಸರಿಗೆ ಪ್ರತ್ಯೇಕ 20. "ಎಲ್ಲಕ್ಕೂ 32 ಹಾಕಿಸಿ, ಟ್ರಿಪ್ ಆಗಲ್ಲ" ಎಂದು ಅಂಗಡಿಯಲ್ಲಿ ಪಕ್ಕ ನಿಂತಿದ್ದವರೊಬ್ಬರು ಸಲಹೆ ಕೊಟ್ಟರು. ಅಪ್ಪನ ನಾಲ್ಕು ಎಳೆ ನೆನಪಾಯಿತು. ತಂತಿ ಎಷ್ಟು ತಾಳುತ್ತದೋ ಅದಕ್ಕೆ ತಕ್ಕ ಎಂಸಿಬಿ, ಅಷ್ಟೇ.

ದುಬಾರಿ ಅನ್ನಿಸಿದ್ದು ಆರ್‌ಸಿಸಿಬಿ. ಆದರೆ ಪುಟ್ಟಿಯ ಸಲುವಾಗಿ ಬೇಕಾಗಿದ್ದದ್ದು ಅದೇ. ಎಂಸಿಬಿಯೂ ಫ್ಯೂಸಿನಂತೆ ತಂತಿಯನ್ನಷ್ಟೇ ಕಾಯುವುದು. ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಬೇಡ, ಅಷ್ಟು ಕಡಿಮೆ ಹರಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಆರ್‌ಸಿಸಿಬಿ ಫೇಸಿನಲ್ಲಿ ಹೋದದ್ದನ್ನೂ ನ್ಯೂಟ್ರಲ್ಲಿನಲ್ಲಿ ಹಿಂದಿರುಗಿದ್ದನ್ನೂ ಸದಾ ತಾಳೆ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಕರೆಂಟನ್ನೇ ಕಡಿಯುತ್ತದೆ.

ಮೇ 10, ಶನಿವಾರ

ಮೀಟರಿನ ಸೀಲ್ ನಾವು ಮುಟ್ಟುವಂತಿಲ್ಲ. ಅರ್ಜಿ ಕೊಟ್ಟಿದ್ದೆ, ಬೆಳಿಗ್ಗೆ ಲೈನ್‌ಮನ್ ಬಂದು ಕಂಬದಲ್ಲೇ ಸಪ್ಲೈ ಬಿಡಿಸಿದರು. ಹಿತ್ತಲಲ್ಲಿ ತೆಂಗಿನ ಮರದ ಆಚೆ ಅರ್ತಿಗೆ ಎಂಟಡಿ ಗುಂಡಿ, ಜಿಐ ಪೈಪು, ಸುತ್ತ ಒಂದು ಪದರ ಇದ್ದಲು, ಒಂದು ಪದರ ಉಪ್ಪು. ಅಡುಗೆಮನೆಗೆ, ಬಚ್ಚಲಿಗೆ ಹೊಸ ತಂತಿ, ಜೊತೆಗೆ ಹಸಿರು ಅರ್ತ್ ವೈರ್. ಸಂಜೆ ಕರೆಂಟು ಬಂತು.

ಮೇ 11, ಭಾನುವಾರ

ನಿನ್ನೆ ರಾತ್ರಿ ಮಳೆ ಸುರಿಯಿತು. ಒಂಬತ್ತಕ್ಕೆ ಆರ್‌ಸಿಸಿಬಿ ಬಿತ್ತು. ಎತ್ತಿದೆ, ಬಿತ್ತು. ಎಲ್ಲ ಸ್ವಿಚ್ ಆರಿಸಿ ಎತ್ತಿದೆ, ನಿಂತಿತು. ಫ್ರಿಜ್ ಹಾಕಿದ್ದೇ ಮತ್ತೆ ಬಿತ್ತು. "ಹಳೇದೇ ಚೆನ್ನಾಗಿತ್ತಲ್ಲೇ" ಅಂದಳು ಅಮ್ಮ, ಮೇಣದಬತ್ತಿ ಹುಡುಕುತ್ತಾ. ಆರ್‌ಸಿಸಿಬಿಯನ್ನು ಬಿಟ್ಟು ನೇರ ಕೊಡಿಸಿಬಿಡೋಣ ಎಂದು ತಮ್ಮ ಫೋನಿನಲ್ಲಿ ಹೇಳಿದ. ಬೇಡವೇ ಬೇಡ ಎಂದು ಕತ್ತಲಲ್ಲೇ ಮಲಗಿದೆವು.

ಬೆಳಿಗ್ಗೆ ಎಲೆಕ್ಟ್ರಿಷಿಯನ್ ಒಂದೊಂದೇ ಲೈನನ್ನು ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸಿ, ಸೋರಿಕೆ ಪತ್ತೆ ಹಚ್ಚುವ ಮೆಗ್ಗರ್ ಹಿಡಿದು ನೋಡುತ್ತಾ ಹೋದರು. ಹಿತ್ತಲ ದೀಪದ ಲೈನಿನಲ್ಲಿ ಸಿಕ್ಕಿತು. ಒಗೆಯುವ ಕಲ್ಲಿನ ಹಿಂದಿನ ಗೋಡೆಯೊಳಗೆ ನ್ಯೂಟ್ರಲ್ ತಂತಿ ಬೆತ್ತಲಾಗಿ ಒದ್ದೆ ಗಾರೆಗೆ ಅಂಟಿಕೊಂಡಿತ್ತು. ಸ್ವಿಚ್ಚು ಫೇಸನ್ನಷ್ಟೇ ಕಡಿಯುವುದರಿಂದ ಆ ದೀಪ ಆರಿಸಿದ್ದರೂ ಸೋರಿಕೆಗೆ ತಡೆಯಿರಲಿಲ್ಲ. ಫ್ರಿಜ್ಜಿನಿಂದ ಹಿಂದಿರುಗುವ ಕರೆಂಟಿನ ಒಂದಂಶ ಅಲ್ಲಿಂದ ಮಣ್ಣಿಗೆ ಇಳಿಯುತ್ತಿತ್ತು. ಬೆರಳಗಲ ಪಕ್ಕದಲ್ಲಿ ಫೇಸ್ ತಂತಿ, ಅದರ ರಬ್ಬರೂ ಬಿರುಕು ಬಿಟ್ಟಿತ್ತು. ಅಮ್ಮ ದಿನಾ ಆ ಗೋಡೆಗೆ ಕೈ ಊರಿ ಏಳುತ್ತಾಳೆ.

ಅವಳಿಗೆ ಆ ತಂತಿ ತೋರಿಸಿದೆ. ಮುಟ್ಟಿ ನೋಡಿದಳು, ಮಾತಾಡಲಿಲ್ಲ.

ಜೂನ್ 1, ಭಾನುವಾರ

ಟೆಸ್ಟ್ ಬಟನ್ ಒತ್ತಿದೆ. ಟಕ್ ಎಂದು ಬಿತ್ತು, ಎತ್ತಿದೆ. ಪ್ರತಿ ತಿಂಗಳ ಒಂದನೇ ತಾರೀಕು ಒತ್ತುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಗ್ರೈಂಡರಿನ ಮೋಟಾರ್ ರಿಪೇರಿಯಾಗಿ ಬಂದಿದೆ. ಅಮ್ಮ ತುಳಸಿಗೆ ನೀರು ಹಾಕಿದ ಮೇಲೆ ಅರ್ತ್ ಗುಂಡಿಯ ಕೊಳವೆಗೂ ಒಂದು ಚೊಂಬು ಹಾಕುತ್ತಾಳೆ. ಮಣ್ಣು ಒಣಗಬಾರದು ಎಂದು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಒಂದು ದಿನವೂ ಮರೆತಿಲ್ಲ.

ಮುಂದಿನ ಎರಡು ಕೋಣೆಗಳ ತಂತಿ ಇನ್ನೂ ಹಳೆಯದೇ. ದಸರಾದೊಳಗೆ ಹಣ ಹೊಂದಿಸಬೇಕು. ಅಲ್ಲಿಯವರೆಗೆ ಆ ಕೋಣೆಗಳಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕುವಂತಿಲ್ಲ ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿದೆ.