ಶೆಲ್ಲು ಬಿಸಿಲಿಗೆ, ಫೋನು ನೆರಳಿಗೆ

ಮೇ ತಿಂಗಳು ಹಿಡಿಯಿತೆಂದರೆ ಅಮೆರಿಕದ ನಾರ್ತ್ ಕೆರೊಲಿನಾದ ಚಾರ್ಲೊಟ್ಟಿನಲ್ಲಿರುವ ನಮ್ಮ ಬಡಾವಣೆ ಬ್ಯಾಲಂಟೈನಿನ ಕಾಲುದಾರಿಗಳಲ್ಲಿ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟವರು, ಪಂಚೆಯ ಮೇಲೆ ಮಗನ ಹಳೆಯ ಕಾಲೇಜಿನ ಸ್ವೆಟ್‌ಶರ್ಟ್ ಏರಿಸಿದವರು ಕಾಣತೊಡಗುತ್ತಾರೆ. ಆರು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು. ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಆರು ತಿಂಗಳಿಗಾಗುವಷ್ಟು ಮಾತ್ರೆ. ಜೊತೆಗೆ ಒಂದು ಸಣ್ಣ ಎಲೆಕ್ಟ್ರಿಕ್ ಅಂಗಡಿ: ಫೋನು, ಟ್ಯಾಬು, ಬಿ.ಪಿ. ನೋಡುವ ಯಂತ್ರ, ಕಿವಿಯ ಮಿಷನ್ನು, ಒಂದಿಬ್ಬರ ಬಳಿ ಸೊಳ್ಳೆ ಹೊಡೆಯುವ ಬ್ಯಾಟು ಕೂಡ. ಇವುಗಳಲ್ಲಿ ಯಾವುದು ಹಟ ಮಾಡಿದರೂ ಸಂಜೆ ನನ್ನ ಮನೆಗೆ ಬರುತ್ತದೆ. ನಾನು ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸದವಳು. ಕಂಪ್ಯೂಟರು ಬಲ್ಲವಳಿಗೆ ಸೊಳ್ಳೆ ಬ್ಯಾಟು ಗೊತ್ತಿಲ್ಲದೆ ಇರುತ್ತದೆಯೇ ಎಂಬುದು ಹಿರಿಯರ ತರ್ಕ.

ಕೆಟ್ಟಿದೆ ಎಂದು ನನ್ನ ಕೈಗೆ ಬಂದವುಗಳಲ್ಲಿ ನಿಜವಾಗಿ ಕೆಟ್ಟವು ಕಡಿಮೆ. "ಯವ್ವಾ, ಇದರ ದನೀನ ಬಿದ್ದು ಹೋಗೇತಿ ನೋಡು" ಎಂದು ಧಾರವಾಡದ ಅಜ್ಜಿಯೊಬ್ಬರು ಫೋನು ತಂದರು. ಅಳಿಯ ಗರಾಜಿನಲ್ಲಿ ಕಾರು ಚಾಲೂ ಮಾಡಿದೊಡನೆ ಫೋನು ಬ್ಲೂಟೂತಿನಲ್ಲಿ ಅದಕ್ಕೆ ಅಂಟಿಕೊಳ್ಳುತ್ತಿತ್ತು; ಹುಬ್ಬಳ್ಳಿಯ ತಂಗಿ ಮನೆಯ ಸೊಸೆಯ ಮೇಲೆ ಹೇಳುತ್ತಿದ್ದ ದೂರೆಲ್ಲ ಅಳಿಯನ ಕಾರಿನಲ್ಲಿ ಕೇಳಿಸುತ್ತಿತ್ತು. ಇನ್ನೊಬ್ಬರ ಫೋನು ಚಾರ್ಜೇ ಆಗುತ್ತಿರಲಿಲ್ಲ. ಜುಬ್ಬದ ಜೇಬಿನ ನೂಲು, ಅಡಿಕೆಪುಡಿ ಎಲ್ಲ ಸೇರಿ ಚಾರ್ಜರು ಚುಚ್ಚುವ ಕಿಂಡಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಫೋನು ಆರಿಸಿ, ಹಲ್ಲು ಕೆದಕುವ ಮರದ ಕಡ್ಡಿಯಿಂದ ಹಗುರವಾಗಿ ಹೊರಗೆಳೆದರೆ ಮುಗಿಯಿತು. ಪಿನ್ನು ಮಾತ್ರ ಹಾಕಬಾರದು. ಒಳಗಿನ ತಾಮ್ರದ ಎಳೆಗಳನ್ನು ಅದು ಕೆರೆದು ಹಾಕುತ್ತದೆ. ಊರಿನ ಮಿಕ್ಸಿ ಇಲ್ಲಿ ಯಾಕೆ ನರಳುತ್ತದೆ, ಊರಿನ ಫೋನ್ ಚಾರ್ಜರು ಯಾಕೆ ನರಳುವುದಿಲ್ಲ ಎಂಬುದು ಪ್ರತಿ ವರ್ಷದ ಪ್ರಶ್ನೆ. ನಮ್ಮಲ್ಲಿ 230 ವೋಲ್ಟು, ಇಲ್ಲಿ 120. ಚಾರ್ಜರಿನ ಬೆನ್ನ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ 100–240 ಎಂದು ಬರೆದಿರುತ್ತದೆ, ಅದು ಎರಡು ಮನೆಯಲ್ಲೂ ಉಣ್ಣುತ್ತದೆ. ಮಿಕ್ಸಿಯ ಬೆನ್ನ ಮೇಲೆ 230 ಮಾತ್ರ. ಇನ್ನು ಉಳಿದ ಕಾಯಿಲೆಗಳಲ್ಲಿ ಅರ್ಧದಷ್ಟು, ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದರೆ ಹೋಗುತ್ತವೆ. ಇದನ್ನು ನಾನು ಗುಟ್ಟಾಗಿ, ಒಳಕೋಣೆಗೆ ಒಯ್ದು ಮಾಡುತ್ತೇನೆ. ಎದುರಿಗೇ ಮಾಡಿದರೆ ಕಾಫಿಪುಡಿ ತಂದುಕೊಟ್ಟವರಿಗೆ ಬೇಸರವಾಗುತ್ತದೆ.

ನಮ್ಮ ಅಪ್ಪನದು ಸ್ವಂತ ಚಿಕಿತ್ಸೆ. ಜುಲೈ ತಿಂಗಳ ಮಧ್ಯಾಹ್ನ, ಹಿತ್ತಿಲ ಡೆಕ್ಕಿನ ಕಟಕಟೆಯ ಮೇಲೆ ಅವನ ಫೋನು ಬೆನ್ನು ಮೇಲಾಗಿ ಮಲಗಿತ್ತು. ಹೊರಗೆ ಬರಿಗಾಲಿಡಲಾಗದ ಬಿಸಿಲು.

"ಶೆಲ್ಲು ವೀಕಾಗದೆ ಕಣವ್ವ. ಒಂದ್ ಗಳ್ಗೆ ಬಿಸ್ಲಲ್ಲಿ ಮಡಗಿವ್ನಿ, ಸರೋಯ್ತದೆ."

ನಗುವಂತಿರಲಿಲ್ಲ. ಈ ಚಿಕಿತ್ಸೆ ನಮ್ಮ ಮನೆಯನ್ನು ವರ್ಷಗಟ್ಟಲೆ ಬೆಳಗಿದೆ. ಮಂಡ್ಯದ ಕಡೆ ನಾಲೆಯ ನೀರಿನ ಸರದಿ ಎಷ್ಟೋ ಸಲ ರಾತ್ರಿಯೇ ಬರುವುದು. ಕಬ್ಬಿನ ಗದ್ದೆಯ ಬದುವಿನಲ್ಲಿ ಹಾವಿಗೆ ದಾರಿ ಬಿಡಿಸುತ್ತಿದ್ದುದು ಅಪ್ಪನ ಕೈಯ ಮೂರು ಶೆಲ್ಲಿನ ಬ್ಯಾಟ್ರಿ. ಬೆಳಕು ಕೆಂಪಗಾಯಿತೆಂದರೆ ಮರುದಿನ ಹೆಂಚಿನ ಮೇಲೆ ಮೂರೂ ಶೆಲ್ಲು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ಸಂಜೆ ತಿರುಗಿ ಹಾಕಿದರೆ ಇನ್ನೊಂದೆರಡು ರಾತ್ರಿ ನಡೆಯುತ್ತಿತ್ತು. ಬ್ಯಾಟ್ರಿಗೆ ಆಗದ ಶೆಲ್ಲು ರೇಡಿಯೋಗೆ ಇಳಿಯುತ್ತಿತ್ತು. ಬಲ್ಬಿಗೆ ಬೇಕಾದಷ್ಟು ಕರೆಂಟು ರೇಡಿಯೋಗೆ ಬೇಡ. ರೇಡಿಯೋ ಕೂಡ ಗೊರಗೊರ ಎಂದ ಮೇಲೆ ಶೆಲ್ಲು ಮಕ್ಕಳ ಪಾಲು. ಕಲ್ಲಿನಲ್ಲಿ ಜಜ್ಜಿ, ನಡುವಿನ ಕಪ್ಪು ಕಡ್ಡಿಯನ್ನು ಬರೆಯಲು ಎತ್ತಿಟ್ಟುಕೊಂಡು, ಸುತ್ತಲ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಬೋರ್ಡಿಗೆ ಬಳಿಯುತ್ತಿದ್ದೆವು. ಉಗುರಿನ ಸಂದಿಯ ಕಪ್ಪು ಸೋಮವಾರದಿಂದ ಗುರುವಾರದವರೆಗೂ ಇರುತ್ತಿತ್ತು.

ಆ ಮಸಿ ಮ್ಯಾಂಗನೀಸ್ ಡೈ ಆಕ್ಸೈಡ್ ಮತ್ತು ಇದ್ದಿಲ ಪುಡಿ, ಕಡ್ಡಿ ಇಂಗಾಲ, ಹೊರಗಿನ ಡಬ್ಬಿ ಸತುವು ಎಂದು ತಿಳಿದದ್ದು ಹೈಸ್ಕೂಲಿನಲ್ಲಿ. ಜಾರ್ಜ್ ಲೆಕ್ಲಾಂಶೆ ಎಂಬ ಫ್ರೆಂಚ್ ಎಂಜಿನಿಯರು 1866ರಲ್ಲಿ ಗಾಜಿನ ಜಾಡಿಯೊಳಗೆ ಒದ್ದೆಯಾಗಿ ಮಾಡಿದ್ದ ಅಡುಗೆ ಅದು. ಅದರ ದ್ರಾವಣವನ್ನು ಮುಂದಿನವರು ಗಟ್ಟಿ ಸರಿಯಾಗಿ ಕಲಸಿ ಸತುವಿನ ಡಬ್ಬಿಗೆ ತುಂಬಿದರು, ಜೇಬಿಗೆ ಹಾಕಿಕೊಳ್ಳುವಂತಾಯಿತು. ಬಿಸಿಲಿನ ಚಿಕಿತ್ಸೆ ಸುಳ್ಳೂ ಅಲ್ಲ. ಶೆಲ್ಲು ಸೋಲುವುದು ಸತುವೆಲ್ಲ ತೀರಿ ಅಲ್ಲ. ಒಳಗಿನ ಸರಿ ಗಟ್ಟಿಯಾಗಿ, ಮಸಿಯ ಸುತ್ತ ಅನಿಲ ಕಟ್ಟಿಕೊಂಡು ಅಯಾನುಗಳ ಓಡಾಟ ಮಂದವಾಗಿರುತ್ತದೆ. ಒಂದು ಹಗಲು ಸುಮ್ಮನೆ ಬಿಟ್ಟರೆ ಆ ಅನಿಲವನ್ನು ಮ್ಯಾಂಗನೀಸು ಹೀರಿಕೊಳ್ಳುತ್ತದೆ, ಬಿಸಿಯಾದರೆ ಓಡಾಟ ಚುರುಕಾಗುತ್ತದೆ. ಅಪ್ಪ ಲೆಕ್ಲಾಂಶೆಯ ಹೆಸರು ಕೇಳಿದವನಲ್ಲ, ಆದರೆ ಅವನ ಜಾಡಿಯ ಗುಣವನ್ನು ನನ್ನ ವಿಜ್ಞಾನದ ಮೇಷ್ಟರಿಗಿಂತ ಚೆನ್ನಾಗಿ ಬಲ್ಲ.

ನಮ್ಮ ಮನೆಯದು ಎವರೆಡಿ. ಒಂಬತ್ತರ ಅಂಕಿಯೊಳಗಿಂದ ನೆಗೆಯುವ ಬೆಕ್ಕು ಇದ್ದದ್ದು. ಅದನ್ನು ಮಾಡುತ್ತಿದ್ದುದು ಯೂನಿಯನ್ ಕಾರ್ಬೈಡ್ ಇಂಡಿಯಾ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದ ಕೀಟನಾಶಕ ಕಾರ್ಖಾನೆಯೂ ಅದೇ ಕಂಪನಿಯದು. ದುರಂತದ ಹತ್ತು ವರ್ಷದ ಮೇಲೆ ಕಂಪನಿ ಕೈ ಬದಲಾಯಿಸಿ ಎವರೆಡಿ ಇಂಡಸ್ಟ್ರೀಸ್ ಆಯಿತು. ಹಾವಿಗೆ ದಾರಿ ತೋರಿಸಿದ ಕೆಂಪು ಶೆಲ್ಲಿನ ಮೇಲೆ ಈ ನೆರಳೂ ಇದೆ ಎಂದು ನನಗೆ ಗೊತ್ತಾದದ್ದು ತೀರ ತಡವಾಗಿ. ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ಅಮೆರಿಕದ ಎವರೆಡಿಯೇ ಬೆಳೆದು ಎನರ್ಜೈಸರ್ ಆಗಿದ್ದು. ಅದರ ಕಾರ್ಖಾನೆ ಇದೇ ನಾರ್ತ್ ಕೆರೊಲಿನಾದ ಆಶ್‌ಬರೋದಲ್ಲಿದೆ. ನಮ್ಮ ಜಾನ್‌ಸ್ಟನ್ ರೋಡನ್ನೇ ದಕ್ಷಿಣಕ್ಕೆ ಹಿಡಿದು ಸೌತ್ ಕೆರೊಲಿನಾ ಗಡಿ ದಾಟಿ ಹೋದರೆ ಸಿಗುವ ಲ್ಯಾಂಕಾಸ್ಟರಿನಲ್ಲಿ ಡ್ಯೂರಾಸೆಲ್ ಕಾರ್ಖಾನೆ ಇತ್ತು. ಅಷ್ಟಾದರೂ ಟಿ.ವಿ. ರಿಮೋಟು ನಿಂತಾಗ ನಾವು ಮಾಡುವುದು ಬೆನ್ನು ಬಿಚ್ಚಿ ಶೆಲ್ಲುಗಳನ್ನು ಹೆಬ್ಬೆರಳಿನಲ್ಲಿ ಉರುಳಿಸುವುದು. ತಗಡಿನ ಮೇಲಿನ ಕಿಲುಬು ಉಜ್ಜಿ ಹೋಗಿ ರಿಮೋಟು ಏಳುತ್ತದೆ. ಬೆಳ್ಳಗೆ ಹರಳು ಕಟ್ಟಿದ್ದರೆ ಅದು ಆಲ್ಕಲೈನ್ ಶೆಲ್ಲಿನ ಕ್ಷಾರ. ಹತ್ತಿಗೆ ನಾಲ್ಕು ಹನಿ ವಿನೆಗರ್ ಹಾಕಿ ಒರೆಸಿ, ಒಣಗಿಸಬೇಕು. ಊರಿಗೆ ಹೋಗುವ ಮುಂಚೆ ಶೆಲ್ಲು ತೆಗೆದಿಟ್ಟು ಹೋಗುವವರಿಗೆ ಈ ಕೆಲಸವೇ ಇಲ್ಲ.

ಡೆಕ್ಕಿನ ಮೇಲಿನ ಫೋನಿಗೆ ಬರುತ್ತೇನೆ. ಮುಟ್ಟಿದರೆ ದೋಸೆಯ ಕಾವಲಿಯಂತಿತ್ತು. ಪರದೆಯ ಮೇಲೆ, ತಣ್ಣಗಾಗುವವರೆಗೆ ನನ್ನನ್ನು ಬಳಸಬೇಡಿ ಎಂಬ ಎಚ್ಚರಿಕೆ. ಇದರೊಳಗಿನದು ಬೇರೆ ವಂಶದ ಶೆಲ್ಲು. ಲಿಥಿಯಂ ಅಯಾನುಗಳು ಒಂದು ಕಡೆ ಗ್ರಾಫೈಟಿನ ಪದರ, ಇನ್ನೊಂದು ಕಡೆ ಲೋಹದ ಆಕ್ಸೈಡಿನ ಪದರ, ಇವೆರಡರ ನಡುವೆ ಚಾರ್ಜು ಮಾಡಿದಾಗ ಅತ್ತ, ಬಳಸಿದಾಗ ಇತ್ತ ಹೋಗಿಬರುತ್ತಿರುತ್ತವೆ. ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಇದರ ಹಿಂದಿನ ಕೆಲಸಕ್ಕೆ ಗುಡಿನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ ನೊಬೆಲ್ ಬಂದದ್ದು 2019ರಲ್ಲಿ. ಗುಡಿನಫ್ ಅವರಿಗೆ ಆಗ 97 ವರ್ಷ. ಅವರ ನೊಬೆಲ್ ಉಪನ್ಯಾಸವನ್ನು ಅವರ ಪರವಾಗಿ ಕೊಟ್ಟವರು ತಮಿಳುನಾಡಿನಲ್ಲಿ ಹುಟ್ಟಿದ ಅರುಮುಗಂ ಮಂತಿರಂ. ಈ ವಂಶಕ್ಕೆ ಬಿಸಿ ಆಗದು. ಕಾವು ಏರಿದಂತೆ ಒಳಗಿನ ದ್ರವ ಬೇಡದ ಕ್ರಿಯೆಗೆ ಇಳಿದು ಲಿಥಿಯಂ ಅನ್ನು ತಿಂದುಹಾಕುತ್ತದೆ, ಅನಿಲ ಬಿಡುತ್ತದೆ. ತುಂಬಾ ಚಾರ್ಜಾಗಿ ಬಿಸಿಯಲ್ಲೂ ಇದ್ದರೆ ಹಾನಿ ಇನ್ನಷ್ಟು ಬೇಗ. ಫೋನನ್ನು 35 ಡಿಗ್ರಿಗಿಂತ ಬಿಸಿ ಇರುವ ಕಡೆ ಬಳಸಬೇಡಿ ಎಂದು ಆಪಲ್ ಹೇಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50 ದಾಟುತ್ತದೆ. ಚಾರ್ಲೊಟ್ಟಿನ ಬೇಸಿಗೆಯಲ್ಲಿ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಅಂಗಡಿಗೆ ಹೋಗುವವರು ಅಪ್ಪನನ್ನು ನೋಡಿ ನಗಬೇಕಾಗಿಲ್ಲ.

ಹಾಗೆಯೇ ಪೂರ್ತಿ ಖಾಲಿಯಾಗಲಿ, ಆಮೇಲೆ ಚಾರ್ಜಿಗೆ ಹಾಕು ಎನ್ನುವ ಮಾತು. ಅದು ನಿಕ್ಕಲ್–ಕ್ಯಾಡ್ಮಿಯಂ ಕಾಲದ ಬುದ್ಧಿ, ಆ ಬ್ಯಾಟರಿಗಳ ಜೊತೆಗೇ ನಿವೃತ್ತಿಯಾಗಬೇಕಿತ್ತು. ಲಿಥಿಯಂಗೆ ಹಸಿವೂ ಆಗದು, ಹೊಟ್ಟೆ ಬಿರಿಯುವ ಊಟವೂ ಆಗದು; ಶೇಕಡ 20ರಿಂದ 80ರ ನಡುವೆ ಅದು ಸುಖಿ. ಈಗಿನ ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಗುಂಡಿಯೇ ಇದೆ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ತುಂಬಿಸಿ, ತಂಪಾದ ಕಡೆ. ಅದಕ್ಕಿಂತ ಹೆಚ್ಚಿನ ಪಥ್ಯ ಮಾಡಿಸುವವರೂ ಇದ್ದಾರೆ. ಶೇಕಡ 79 ಆಯಿತೆಂದು ಮದುವೆ ಮಂಟಪದಿಂದ ಎದ್ದು ಓಡುವವರು. ಫೋನು ನಮಗಾಗಿ ಇರುವುದು ಎಂಬುದು ನನ್ನ ಪಕ್ಷ.

ಇದೆಲ್ಲ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಈ ಲಿಥಿಯಂ ಎಲ್ಲಿ ಸಿಕ್ತದವ್ವ?"

ಒಳ್ಳೆಯ ಪ್ರಶ್ನೆ, ಏಕೆಂದರೆ ಉತ್ತರ ಒಂದು ಗಂಟೆಯ ದಾರಿ. ಶನಿವಾರ ಕರೆದುಕೊಂಡು ಹೋದೆ. ಚಾರ್ಲೊಟ್ಟಿನಿಂದ ಪಶ್ಚಿಮಕ್ಕೆ, 85ನೇ ಹೆದ್ದಾರಿಯ ಮೇಲೆ, ಕಿಂಗ್ಸ್ ಮೌಂಟನ್. ಜನ ಅಲ್ಲಿಗೆ ಹೋಗುವುದು 1780ರ ಯುದ್ಧಭೂಮಿ ನೋಡಲು. ನಾವು ಹೋದದ್ದು ಬಂಡೆಗೆ. ಆ ಊರು, ಪಕ್ಕದ ಬೆಸೆಮರ್ ಸಿಟಿ, ಈ ಪಟ್ಟಿಯ ನೆಲದಲ್ಲಿ ಸ್ಪೋಡ್ಯುಮಿನ್ ಎಂಬ ಕಲ್ಲಿದೆ. ಲಿಥಿಯಂ ಇರುವುದು ಅದರೊಳಗೆ. 1950ರ ದಶಕದಲ್ಲಿ ಅಮೆರಿಕ ಸರ್ಕಾರ ಇಲ್ಲಿನ ಲಿಥಿಯಂ ಕೊಂಡದ್ದು ಫೋನಿಗಲ್ಲ, ಹೈಡ್ರೋಜನ್ ಬಾಂಬಿಗೆ. ಮುಂದೆ ಗಾಜು, ಗ್ರೀಸು, ಪಿಂಗಾಣಿಗೂ ಹೋಯಿತು. ದಶಕಗಳ ಕಾಲ ಜಗತ್ತಿನ ಲಿಥಿಯಂನ ದೊಡ್ಡ ಪಾಲು ಈ ಬೆಟ್ಟಗಳಿಂದಲೇ ಹೊರಟಿದೆ. ಚಿಲಿಯ ಅಟಕಾಮಾದ ಉಪ್ಪುನೀರಿನಿಂದ ಅಗ್ಗವಾಗಿ ತೆಗೆಯಲು ಬಂದದ್ದೇ ತಡ, 1980ರ ದಶಕದಲ್ಲಿ ಕಿಂಗ್ಸ್ ಮೌಂಟನ್ ಗಣಿ ನಿಂತಿತು. ಗುಂಡಿಯಲ್ಲಿ ನೀರು ತುಂಬಿತು. ಎಲೆಕ್ಟ್ರಿಕ್ ಕಾರುಗಳ ಕಾಲ ಬಂದ ಮೇಲೆ ಅದನ್ನು ಮತ್ತೆ ತೆರೆಯುವ ಮಾತಾಡುತ್ತಿರುವ ಆಲ್ಬೆಮಾರ್ಲ್ ಕಂಪನಿಯ ಮುಖ್ಯ ಕಚೇರಿ ನಮ್ಮ ಚಾರ್ಲೊಟ್ಟಿನಲ್ಲೇ.

ಗಣಿಯೊಳಗೆ ಬಿಡುವುದಿಲ್ಲ. ಅಪ್ಪ ದಾರಿಯ ಬದಿಯ ಕಲ್ಲೊಂದನ್ನು ಎತ್ತಿ, ಉಗುಳು ಹಚ್ಚಿ ಉಜ್ಜಿ ನೋಡಿ, "ನಮ್ ಕಡೆ ಕಲ್ಲಿದ್ದಂಗೇ ಅದೆ" ಎಂದ. ಅದು ಯಾವ ಕಲ್ಲೋ, ಆದರೆ ಮಾತು ಅಷ್ಟೇನೂ ತಪ್ಪಲ್ಲ. ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ನೆಲದಲ್ಲೂ ಇದೇ ಸ್ಪೋಡ್ಯುಮಿನ್ ಇದೆ. 2020ರಲ್ಲಿ ಪತ್ರಿಕೆಗಳು 14,100 ಟನ್ ಲಿಥಿಯಂ ಎಂದು ಬರೆದವು. ಪರಮಾಣು ಖನಿಜಗಳ ನಿರ್ದೇಶನಾಲಯ ಮುಂದಿನ ವರ್ಷದ ಹೊತ್ತಿಗೆ ಕೊಟ್ಟ ಲೆಕ್ಕ 1,600 ಟನ್. ಸುದ್ದಿ ಬಂದ ವಾರ ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೋಟ್ಯಧಿಪತಿಗಳಾಗಿದ್ದರು. ಎರಡನೆಯ ಲೆಕ್ಕವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಅಗೆದರೆ ಗದ್ದೆ ಏನಾಗುತ್ತದೆ ಎಂದು ಅಪ್ಪ ಕೇಳಿದ. ನೀರು ತುಂಬಿದ ಗುಂಡಿಯ ವಿಷಯ ಆಗಲೇ ಹೇಳಿಯಾಗಿತ್ತು, ನಾನು ಗಾಡಿ ತಿರುಗಿಸಿದೆ.

ಮರಳಿ ಬಂದ ವಾರವೇ ಪಕ್ಕದ ಬೀದಿಯಿಂದ ಹಳೆಯ ಟ್ಯಾಬೊಂದು ಬಂತು, ಪರದೆ ಚೌಕಟ್ಟಿನಿಂದ ಎದ್ದು ಬೆನ್ನು ಉಬ್ಬಿದ್ದು. ಒಳಗೆ ಅನಿಲ ಕೂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಥದ್ದನ್ನು ಒತ್ತಿ ಕೂರಿಸಬಾರದು, ಚುಚ್ಚಬಾರದು, ಇನ್ನೊಂದೇ ಒಂದು ಸಲ ಎಂದು ಚಾರ್ಜಿಗೂ ಹಾಕಬಾರದು. ಮನೆಯ ಕಸದ ಡಬ್ಬಿಗಂತೂ ಬೇಡ. ಕಸದ ಲಾರಿಯೊಳಗೆ ಅದುಮಿ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಲ್ಯಾಂಕಾಸ್ಟರ್ ಹೈವೇಯ ಮೇಲೆ ಮೆಕ್ಲೆನ್‌ಬರ್ಗ್ ಕೌಂಟಿಯ ಫಾಕ್ಸ್‌ಹೋಲ್ ಮರುಬಳಕೆ ಕೇಂದ್ರವಿದೆ, ಅಲ್ಲಿ ಒಯ್ದು ಕೊಟ್ಟೆವು.

ಅಪ್ಪನಿಗೆ ನಿಜವಾದ ಸಂತೋಷವಾದದ್ದು ಅವನ ಕಿವಿಯ ಮಿಷನ್ನಿನ ಶೆಲ್ಲಿನ ಕಥೆ ಕೇಳಿ. ಉದ್ದಿನ ಬೇಳೆಗಿಂತ ತುಸು ದೊಡ್ಡದಾದ ಆ ಗುಂಡಿಯೊಳಗೆ ಇರುವುದು ಲಿಥಿಯಂ ಅಲ್ಲ, ಸತುವು. ಗದ್ದೆಯ ಬದುವಿನ ಬ್ಯಾಟ್ರಿಯಲ್ಲಿ ಇದ್ದದ್ದೇ. ಮಸಿಯ ಬದಲು ಅದು ಹೊರಗಿನ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ತಳದಲ್ಲಿ ಸೂಜಿಮೊನೆಯ ತೂತು, ತೂತಿನ ಮೇಲೆ ಬಣ್ಣದ ಚೀಟಿ. ಚೀಟಿ ಕಿತ್ತ ಕ್ಷಣದಿಂದ ಆಯಸ್ಸಿನ ಎಣಿಕೆ ಶುರು. ಕಿತ್ತ ಕೂಡಲೇ ಮಿಷನ್ನಿಗೆ ತುರುಕದೆ ಕೆಲವು ನಿಮಿಷ ಗಾಳಿಗೆ ಬಿಟ್ಟರೆ ಚೆನ್ನಾಗಿ ಬಾಳುತ್ತದೆ. ರಾತ್ರಿ ಮಿಷನ್ನಿನ ಬಾಗಿಲು ತೆರೆದಿಟ್ಟರೆ ಒಳಗಿನ ಬೆವರೂ ಆರುತ್ತದೆ.

"ಅಂದ್ರೆ ನಮ್ ಶೆಲ್ಲೇ ಅನ್ನು!" ಎಂದು ಅಪ್ಪ ಎದ್ದು ಹೊರಟ. ಸಂಜೆಯ ಕಾಲುದಾರಿಯಲ್ಲಿ ಈಗ ಕಿವಿಯ ಮಿಷನ್ನಿಗೆ ವೈದ್ಯ ಅವನೇ. ಧಾರವಾಡದ ಅಜ್ಜಿ ಮೊನ್ನೆ ಅನುಕೂಲವಾಗಲಿ ಎಂದು ಪ್ಯಾಕೆಟ್ಟಿನ ಅಷ್ಟೂ ಚೀಟಿಗಳನ್ನು ಒಟ್ಟಿಗೆ ಕಿತ್ತು, ಶೆಲ್ಲುಗಳನ್ನು ಕುಂಕುಮದ ಭರಣಿಯಲ್ಲಿ ತುಂಬಿ ತಂದಿದ್ದರು.

"ಎಲ್ಲಾನೂ ಒಟ್ಗೆ ಕಿತ್ತಾಕ್ಬುಟ್ರೆ ಎಲ್ಲಾ ಒಟ್ಗೇ ಸಾಯ್ತವೆ ಕಣಮ್ಮ."

"ಮತ್ತ ಅಂಟಿಸಿದ್ರ ಹೆಂಗ್ರಿ?"

"ಗಾಳಿ ಕುಡುದ್ಮೇಲೆ ಆಯ್ತು. ಅಂಟ್ಸುದ್ರೂ ಅಷ್ಟೆ, ಬುಟ್ರೂ ಅಷ್ಟೆ."

ಅಜ್ಜಿ ಅಲ್ಲೇ ಬೆಂಚಿನ ಮೇಲೆ ಕೂತು ಮಗಳಿಗೆ ಫೋನು ಹಚ್ಚಿದರು. ಕಂದು ಚೀಟಿಯದನ್ನೇ ತರಬೇಕು, ಕಿತ್ತಳೆ ಚೀಟಿಯದು ಇವರ ಮಿಷನ್ನಿಗೆ ದಪ್ಪವಾಗುತ್ತದೆ ಎಂದು ಅಪ್ಪ ಪಕ್ಕದಿಂದ ಜೋರಾಗಿ ಹೇಳಿಕೊಡುತ್ತಿದ್ದ.