ಮನ್ನೆಗೂಡದಿಂದ ವಾಪಸ್

ಹೈದರಾಬಾದಿನಲ್ಲಿರುವ ನಮ್ಮಂಥ ಕಲಬುರಗಿ ಮಂದಿಗೆ ಊರಿಗೆ ಹೋಗುವುದು ಪ್ರಯಾಣ ಅನ್ನಿಸುವುದೇ ಇಲ್ಲ. ರೈಲಾದರೆ ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ, ವಾಡಿ. ಕಾರಾದರೆ ಚೇವೆಳ್ಳ, ಮನ್ನೆಗೂಡ, ಪರಿಗಿ, ಕೊಡಂಗಲ್, ಸೇಡಂ, ಮಳಖೇಡ. ನಿಲ್ದಾಣಗಳ ಹೆಸರು ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ. ಹಾಗಾಗಿಯೇ ಇರಬೇಕು, ಈ ದಾರಿಗೆ ನಾವು ಹೆದರುವುದನ್ನೇ ಮರೆತಿದ್ದೇವೆ.

2019ರ ಅಕ್ಟೋಬರ್ 6, ಭಾನುವಾರ. ಮರುದಿನ ಆಯುಧಪೂಜೆ, ಮಂಗಳವಾರ ದಸರೆ. ಹಿಂದಿನ ದಿನವಷ್ಟೇ ತೆಲಂಗಾಣದ ಆರ್‌ಟಿಸಿ ನೌಕರರ ಮುಷ್ಕರ ಶುರುವಾಗಿತ್ತು. ಬಸ್ಸಿಲ್ಲ, ರೈಲಿನಲ್ಲಿ ಸೀಟಿಲ್ಲ. ಹೆಂಡತಿ, ಮಗಳನ್ನು ಕೂರಿಸಿಕೊಂಡು ಗಚ್ಚಿಬೌಲಿಯಿಂದ ಕಾರಿನಲ್ಲೇ ಹೊರಟೆ. ಆಗಲೇ ಆಕಾಶ ಕಪ್ಪಾಗಿತ್ತು. ಅಮ್ಮ ಫೋನ್ ಮಾಡಿ, "ಮಳಿ ಜೋರ್ ಅದ ಅಂತ, ನಿಂತು ಬರ್ರಿ" ಅಂದಳು. "ನಾಲ್ಕೈದು ತಾಸಿನ ದಾರಿ, ಬಂದುಬಿಡ್ತೀವಿ" ಅಂದೆ.

ಚೇವೆಳ್ಳ ರಸ್ತೆ ಗೊತ್ತಿದ್ದವರಿಗೆ ಅಲ್ಲಿನ ಆಲದ ಮರಗಳೂ ಗೊತ್ತು. ಎರಡೂ ಬದಿಗೆ ನೂರಾರು ಹಳೆಯ ಮರಗಳು ಕೊಡೆ ಹಿಡಿದ ಹಾಗೆ ನಿಂತಿವೆ. ಬಿಸಿಲಿನಲ್ಲಿ ಅದಕ್ಕಿಂತ ಚಂದದ ರಸ್ತೆ ಈ ಕಡೆ ಇಲ್ಲ. ಮಳೆಯಲ್ಲಿ ಅದು ಕತ್ತಲ ಸುರಂಗ. ಮನ್ನೆಗೂಡ ದಾಟಿ ಸ್ವಲ್ಪ ಮುಂದೆ ಹೋದಾಗ ಮಳೆ ಗೋಡೆಯಂತೆ ಎದುರಾಯಿತು. ವೈಪರ್ ಆಡುತ್ತಿತ್ತು, ಗಾಜಿನಾಚೆ ಏನೂ ಕಾಣುತ್ತಿರಲಿಲ್ಲ. ಮುಂದಿನ ಲಾರಿಯ ಎರಡು ಕೆಂಪು ದೀಪಗಳನ್ನೇ ನಂಬಿ ಹಿಂದೆ ಹೊರಟೆ. ಹೆಂಡತಿ ಎರಡು ಸಲ "ನಿಲ್ಸಿ" ಅಂದಳು. "ಇನ್ನೊಂದು ಹತ್ತು ನಿಮಿಷ, ಮಳೆ ದಾಟಿಬಿಡ್ತೀವಿ" ಅಂದೆ. ಇದ್ದಕ್ಕಿದ್ದಂತೆ ಕೆಂಪು ದೀಪಗಳು ಎಡಕ್ಕೆ ವಾಲಿದವು. ಲಾರಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ನಾನು ಬ್ರೇಕ್ ಒತ್ತಿದೆ. ಕಾರು ಜಾರಿ ಅಡ್ಡ ತಿರುಗಿ, ಒಂದು ಮರದಿಂದ ಮಾರು ದೂರದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳಿಗೆ ಎಚ್ಚರವೂ ಆಗಿರಲಿಲ್ಲ.

ನಿಧಾನಕ್ಕೆ ಮನ್ನೆಗೂಡಕ್ಕೆ ವಾಪಸ್ ಬಂದು ಒಂದು ಚಹಾ ಅಂಗಡಿಯಲ್ಲಿ ಕೂತೆವು. ಅಲ್ಲಿನ ಟಿವಿಯಲ್ಲಿ ತೆಲುಗು ಸುದ್ದಿ ಓಡುತ್ತಿತ್ತು. ನಾವಿದ್ದ ವಿಕಾರಾಬಾದ್ ಜಿಲ್ಲೆಯಲ್ಲೇ, ಬಂಟ್ವಾರಂ ಮಂಡಲದ ಸುಲ್ತಾನ್‌ಪುರದ ಹೊಲದಲ್ಲಿ, ಸಣ್ಣ ವಿಮಾನವೊಂದು ಬಿದ್ದಿದೆ. ಸೆಸ್ನಾ 172. ಬೇಗಂಪೇಟೆಯ ರಾಜೀವ್ ಗಾಂಧಿ ಏವಿಯೇಷನ್ ಅಕಾಡೆಮಿಯದು. ಒಳಗಿದ್ದ ಇಬ್ಬರೂ ತರಬೇತಿ ಪೈಲಟ್‌ಗಳು, ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರೂ ಉಳಿದಿಲ್ಲ. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬರುತ್ತಿದ್ದ ವಿಮಾನ, ಹವಾಮಾನ ಕೆಟ್ಟಿತ್ತು ಅಂತ ಸುದ್ದಿ.

ನಾನು ಹೋಗುತ್ತಿದ್ದ ದಾರಿಯಲ್ಲೇ ಅವರು ಎದುರಿನಿಂದ ಬರುತ್ತಿದ್ದರು. ನನ್ನ ಕೈಯಲ್ಲಿದ್ದ ಚಹಾ ಹಾಗೇ ಆರಿತು.

ಆ ಇಬ್ಬರ ಕೊನೆಯ ನಿಮಿಷಗಳಲ್ಲಿ ಏನಾಯಿತು ಎಂದು ಊಹಿಸಿ ಬರೆಯುವ ಹಕ್ಕು ನನಗಿಲ್ಲ. ಆದರೆ ಕಣ್ಣಳತೆಯಲ್ಲಿ ಹಾರುವ ಸಣ್ಣ ವಿಮಾನ ಮೋಡದೊಳಗೆ ಸಿಕ್ಕಿದರೆ ಏನಾಗುತ್ತದೆ ಎಂದು ಆಮೇಲೆ ಬಹಳ ಓದಿದೆ. ಕೆಳಮಟ್ಟದಲ್ಲಿ ಹೀಗೆ ಹಾರಬೇಕಾದರೆ ಸಾಮಾನ್ಯವಾಗಿ 5 ಕಿ.ಮೀ. ದೂರ ಕಾಣಿಸಬೇಕು, ಮೋಡದಿಂದ ಅಡ್ಡಡ್ಡ 1500 ಮೀಟರ್, ಮೇಲೆ ಕೆಳಗೆ 300 ಮೀಟರ್ ದೂರವಿರಬೇಕು ಎಂಬ ನಿಯಮವಿದೆ. ನಮ್ಮ ಈ ದಾರಿಯಲ್ಲಿ ಇನ್ನೊಂದು ತೊಡಕಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ವಿಕಾರಾಬಾದ್ 600ಕ್ಕೂ ಮೇಲೆ. ಮೂಸಿ ನದಿ ಹುಟ್ಟುವ ಅನಂತಗಿರಿ ಗುಡ್ಡಗಳು ಅಲ್ಲೇ ಇವೆ. ಮೋಡ ಅದೇ ಎತ್ತರದಲ್ಲಿದ್ದರೂ ನೆಲ ಮೇಲೇರುತ್ತಾ ಬರುತ್ತದೆ. ನಡುವಿನ ಜಾಗ ಕಿರಿದಾಗುತ್ತದೆ.

ಒಳಗೆ ಸಿಕ್ಕಿದ ಮೇಲೆ ಮೋಸ ಮಾಡುವುದು ನಮ್ಮದೇ ಕಿವಿ. ದೇಹದ ಸಮತೋಲ ತಿಳಿಸುವ ದ್ರವ ಒಳಗಿವಿಯಲ್ಲಿದೆ. ವಿಮಾನ ಒಂದೇ ಸಮ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವವೂ ಹೊಂದಿಕೊಂಡುಬಿಡುತ್ತದೆ. ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ನಿಜವಾಗಿ ನೇರ ಮಾಡಿದರೆ ಆಚೆ ಬದಿಗೆ ವಾಲಿದ ಹಾಗೆ ಅನ್ನಿಸಿ ಪೈಲಟ್ ಮತ್ತೆ ಮೊದಲಿನಂತೆಯೇ ವಾಲಿಸುತ್ತಾನೆ. ಮೂಗು ಕೆಳಗಾಗುತ್ತದೆ, ವೇಗ ಏರುತ್ತದೆ. ಹೆದರಿ ಮೇಲಕ್ಕೆ ಎಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಮೋಡದೊಳಗೆ ಹಾರುವ ತರಬೇತಿ ಇಲ್ಲದ 20 ಜನರನ್ನು, ಹೊರಗೆ ಕಾಣದಂತೆ ಮಾಡಿ, ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿ ಹಾರಿಸಿದರು. 20 ಜನರೂ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡುಗಳಲ್ಲಿ. ಮೂರು ನಿಮಿಷವೂ ಇಲ್ಲ.

ಈ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ, ಉಳಿದರ್ಧ ಮರೆಯುತ್ತಾರೆ. ಆ ಪ್ರಯೋಗದ ಉದ್ದೇಶ ಹೆದರಿಸುವುದಾಗಿರಲಿಲ್ಲ. ಅದೇ ಜನರಿಗೆ ಒಂದು ಸರಳ ಪಾಠ ಕಲಿಸಿದರು: ಗಾಬರಿಯಾಗದೆ, ಉಪಕರಣಗಳನ್ನು ನೋಡುತ್ತಾ, ನಿಧಾನಕ್ಕೆ 180 ಡಿಗ್ರಿ ತಿರುಗಿ ಬಂದ ದಾರಿಯಲ್ಲೇ ವಾಪಸ್ ಬರುವುದು. ಕಲಿತ ಮೇಲೆ ಹೆಚ್ಚುಕಡಿಮೆ ಎಲ್ಲರೂ ಪಾರಾದರು.

ಅನುಭವ ಇದ್ದರೆ ಸಾಕೇ? ಹೈದರಾಬಾದಿನವರಿಗೆ 2009ರ ಸೆಪ್ಟೆಂಬರ್ 2 ನೆನಪಿರುತ್ತದೆ. ಅದೇ ಬೇಗಂಪೇಟೆಯಿಂದ ಬೆಳಿಗ್ಗೆ 8.38ಕ್ಕೆ ಚಿತ್ತೂರಿನ ಕಡೆ ಹೊರಟ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಬೆಲ್ 430 ಹೆಲಿಕಾಪ್ಟರ್ ನಲ್ಲಮಲ ಕಾಡಿನ ಪಾವುರಾಲಗುಟ್ಟದಲ್ಲಿ ಬಿತ್ತು. ಅದು ಪತ್ತೆಯಾದದ್ದು ಮರುದಿನ. ಎರಡು ಎಂಜಿನ್, ಇಬ್ಬರು ನುರಿತ ಪೈಲಟ್‌ಗಳು. ಗೇರ್‌ಬಾಕ್ಸ್ ಎಣ್ಣೆಯ ಎಚ್ಚರಿಕೆಯೊಂದನ್ನು ಬಗೆಹರಿಸುವುದರಲ್ಲಿ ಮುಳುಗಿ, ಎದುರಿನ ಕಾರ್ಮೋಡದ ಕಡೆ ಗಮನ ತಪ್ಪಿತು ಎಂದು ತನಿಖಾ ಸಮಿತಿ ಹೇಳಿತು. ರಾತ್ರಿ ಪಾಳಿಯಲ್ಲಿ ಒಂದು ಸಣ್ಣ ಅಲರ್ಟ್ ಹಿಂದೆ ಬಿದ್ದು, ಇಡೀ ಸರ್ವರ್ ಮಲಗುವುದನ್ನು ಗಮನಿಸದೆ ಕೂತ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ನಮಗೆ ಹೋಗುವುದು ನಿದ್ದೆ ಮಾತ್ರ.

ಅಂದು ಮಳೆ ನಿಂತ ಮೇಲೂ ನಾನು ಮುಂದೆ ಹೋಗಲಿಲ್ಲ. ಪರಿಗಿ ಕಡೆ ಇನ್ನೂ ಮಿಂಚುತ್ತಿತ್ತು. ಕಾರನ್ನು ಹೈದರಾಬಾದ್ ಕಡೆ ತಿರುಗಿಸಿದೆ. ಹಬ್ಬಕ್ಕೆ ಊರಿಗೆ ಹೊರಟು ಅರ್ಧ ದಾರಿಯಿಂದ ವಾಪಸ್ ಬಂದದ್ದು ಅದೇ ಮೊದಲು. ಸೋತ ಹಾಗೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅಮ್ಮನಿಗೆ ಫೋನ್ ಮಾಡಲು ಅಳುಕುತ್ತಿದ್ದೆ. ಅವಳು ಅಂದದ್ದು ಇಷ್ಟೇ: "ನಾಳಿ ಬರ್ರಿ. ಬನ್ನಿ ಗಿಡ ಎಲ್ಲಿ ಓಡಿ ಹೋಗ್ತದ?"

ಮರುದಿನ ಬಿಸಿಲಿನಲ್ಲಿ ಹೋದೆವು. ಮಂಗಳವಾರ ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದೆವು. ಅದೇ ನವೆಂಬರ್ 22ಕ್ಕೆ ಕಲಬುರಗಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಈಗ ಸೇಡಂ ರಸ್ತೆಯಲ್ಲಿ ಹೋಗುವಾಗ ಕೆಲವೊಮ್ಮೆ ತರಬೇತಿಯ ಪುಟ್ಟ ವಿಮಾನಗಳು ತಲೆಯ ಮೇಲೆ ಸುತ್ತುತ್ತಿರುತ್ತವೆ. ಮಗಳು ಕಿಟಕಿಯಿಂದ ಕೈ ಬೀಸುತ್ತಾಳೆ. ನಾನು ಮೊದಲು ಪಶ್ಚಿಮದ ಆಕಾಶ ನೋಡುತ್ತೇನೆ, ಮೋಡ ಇದೆಯಾ ಅಂತ.

ಊರು ಬಿಟ್ಟು ಬಂದ ನಮಗೆಲ್ಲ ಊರು ಸೇರುವ ಆತುರ ರಕ್ತದಲ್ಲೇ ಇದೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ, ಪುಣೆಯಿಂದ, ಮುಂಬೈಯಿಂದ ಹೊರಡುವವರೇ, ಮುಂದೆ ದಾರಿ ಕಾಣದಿದ್ದರೆ ಕಾರು ತಿರುಗಿಸಿ. ಅಮ್ಮ ಒಂದು ದಿನ ಹೆಚ್ಚು ಕಾಯುತ್ತಾಳೆ, ಅಷ್ಟೇ.