ಸ್ನಾನದ ಲೆಕ್ಕ

ರಾಗಿ ಉಣ್ಣುವವನು ಅಕ್ಕಿ ಉಣ್ಣುವವನನ್ನು ಕಂಡು ಹುಬ್ಬುಗಂಟಿಕ್ಕುವುದಿಲ್ಲ. ನಡುಹಗಲು ಮಲಗುವವನು ಮಲಗದವನನ್ನು ಕಂಡು ಮರುಗುವುದೂ ಇಲ್ಲ. ಆದರೆ ಸ್ನಾನದ ಮಾತು ಬಂದಿತೆಂದರೆ ಪ್ರತಿಯೊಬ್ಬನೂ ನ್ಯಾಯಾಧೀಶನಾಗಿಬಿಡುತ್ತಾನೆ. ದಿನಕ್ಕೆ ಎರಡು ಬಾರಿ ಮೀಯುವವನ ಕಣ್ಣಿಗೆ ಒಂದೇ ಬಾರಿ ಮೀಯುವವನು ಸೋಮಾರಿ. ದಿನಕ್ಕೊಮ್ಮೆ ಮೀಯುವವನ ಕಣ್ಣಿಗೆ ವಾರಕ್ಕೊಮ್ಮೆ ಮೀಯುವವನು ಕೊಳಕ. ವಾರಕ್ಕೊಮ್ಮೆ ಮೀಯುವವನನ್ನು ಕೇಳಿದರೆ, ಇವರಿಬ್ಬರೂ ಬೇರೆ ಕೆಲಸವಿಲ್ಲದವರು. ಎಷ್ಟು ದಿನಕ್ಕೊಮ್ಮೆ ಮೀಯಬೇಕೆಂಬ ಪ್ರಶ್ನೆಗೆ ಧರ್ಮಶಾಸ್ತ್ರವು ಒಂದು ಉತ್ತರವನ್ನು ಹೇಳಿದೆ, ವೈದ್ಯಶಾಸ್ತ್ರವು ಇನ್ನೊಂದನ್ನು ಹೇಳಿದೆ. ನಾನು ಕಂಡಮಟ್ಟಿಗೆ ಮಾತ್ರ ಈ ಪ್ರಶ್ನೆಯನ್ನು ತೀರ್ಮಾನಿಸುತ್ತಿದ್ದುದು ಬಾವಿಯ ಆಳ.

ನಮ್ಮ ಊರು ಚಳ್ಳಕೆರೆಯ ಸೀಮೆಯದು. ಮಳೆಯ ಕೊರತೆಗೆ ರಾಜ್ಯದಲ್ಲೆಲ್ಲ ಹೆಸರಾದ ಸೀಮೆ. ಊರಿಗೆಲ್ಲ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ಬೇಸಿಗೆಯಲ್ಲಿ ಅದರ ನೀರು ೬೦ ಅಡಿಗೂ ಕೆಳಗೆ ಇಳಿಯುತ್ತಿತ್ತು. ರಾಟೆಯ ಮೇಲೆ ಹಗ್ಗ ಎಳೆದೆಳೆದು ಕೊಡವು ಮೇಲೆ ಬರುವ ವೇಳೆಗೆ ಅಂಗೈ ಕೆಂಪೇರಿರುತ್ತಿತ್ತು. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡವನ್ನಿಟ್ಟುಕೊಂಡು ಹೆಂಗಸರು ಮನೆಗೂ ಬಾವಿಗೂ ನಡೆಯುತ್ತಲೇ ಇರುತ್ತಿದ್ದರು. ಗಂಡಸರು ನೀರು ಹೊತ್ತದ್ದನ್ನು ನಾನು ಕಂಡದ್ದು ಮದುವೆಯ ದಿನಗಳಲ್ಲಿ ಮಾತ್ರ.

ಇಂತಹ ಊರಿನಲ್ಲಿ ನಿತ್ಯಸ್ನಾನವೆಂಬುದು ಪುರಾಣದ ಮಾತು. ನಮ್ಮ ಮನೆಯಲ್ಲಿ ಹೆಂಗಸರಿಗೆ ಶುಕ್ರವಾರ, ಗಂಡಸರಿಗೂ ಮಕ್ಕಳಿಗೂ ಶನಿವಾರ. ಹಾಗೆಂದು ಉಳಿದ ದಿನಗಳಲ್ಲಿ ನಾವು ಕೊಳಕರಾಗಿದ್ದೆವೆಂದು ತಿಳಿಯಬಾರದು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ಅಜ್ಜಿ ಬಾಗಿಲ ಬಳಿಯೇ ಕುಳಿತಿದ್ದು ನಮ್ಮ ಹಿಮ್ಮಡಿಗಳನ್ನು ಪರೀಕ್ಷಿಸುತ್ತಿದ್ದರು. ಮುಂಗಾಲನ್ನು ಮಾತ್ರ ನೆನೆಸಿಕೊಂಡು ಬಂದವರ ಪಾಡು ಹೇಳತೀರದು. ಶನಿವಾರವಂತೂ ದೊಡ್ಡ ಸಮಾರಂಭವೇ. ಬೆಳಗಿನ ಜಾವಕ್ಕೇ ಹಂಡೆಯ ಕೆಳಗೆ ತೊಗರಿಕಟ್ಟಿಗೆಯ ಉರಿ. ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡು, ಬಿಸಿಲಿನಲ್ಲಿ ಗೊಂಬೆಗಳಂತೆ ಸಾಲಾಗಿ ಕುಳಿತು, ಒಬ್ಬೊಬ್ಬರಾಗಿ ಬಚ್ಚಲುಮನೆಗೆ ಹೋಗಬೇಕು. ಸೀಗೆಪುಡಿ ಕಣ್ಣಿಗೆ ಬಿದ್ದವನ ಕೂಗು ಬೀದಿಯ ಕೊನೆಗೆ ಕೇಳಿಸುತ್ತಿತ್ತು. ಎಣ್ಣೆ ಬಿಡುವವರೆಗೆ ಅಜ್ಜಿ ತಿಕ್ಕುವುದನ್ನು ಬಿಡುತ್ತಿರಲಿಲ್ಲ. ಆದರೆ ನೀರಿನ ಲೆಕ್ಕ ಮಾತ್ರ ಖಚಿತ. ತಲೆಗೆ ಹತ್ತು ಚೊಂಬು. ಹನ್ನೊಂದನೆಯದು ಅತ್ತರೂ ಸಿಕ್ಕುತ್ತಿರಲಿಲ್ಲ. ಬಚ್ಚಲಿನಿಂದ ಹರಿದ ಆ ನೀರಿಗೆ ಹಿತ್ತಿಲಿನ ನುಗ್ಗೆಯ ಮರ ಕಾದಿರುತ್ತಿತ್ತು. ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುವುದನ್ನು ನೀವೂ ನೋಡಿರಬಹುದು. ನೀರು ತುಂಬುವುದೇ ಒಂದು ಹಬ್ಬವಾಗಬೇಕಾದರೆ, ಅದನ್ನು ಹಬ್ಬ ಮಾಡಿದವರು ಕೊಡ ಹೊತ್ತವರೇ ಆಗಿರಬೇಕು.

ನನ್ನ ಚಿಕ್ಕಪ್ಪನಿಗೆ ತೀರ್ಥಹಳ್ಳಿಯ ಕಡೆಯಿಂದ ಹೆಣ್ಣು ತಂದರು. ಆ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಲ್ಲಿಯ ಬಚ್ಚಲುಮನೆಯಲ್ಲಿ ಕಾಡಿನ ಸೌದೆ ಎರಡು ಹೊತ್ತೂ ಉರಿಯುತ್ತಿರುತ್ತದೆ. ಹಂಡೆಯ ಬಿಸಿನೀರು ಬತ್ತುವುದೆಂಬುದೇ ಇಲ್ಲ. ಅಂತಹ ಮನೆಯಿಂದ ಬಂದ ಚಿಕ್ಕಮ್ಮ, ಬಂದ ಮರುದಿನ ಬೆಳಗ್ಗೆ ಸ್ನಾನಕ್ಕೆ ನೀರು ಕಾದಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು.

“ಯಾಕಮ್ಮ, ನಿನ್ನೆ ತಾನೆ ಆಯಿತಲ್ಲ?” ಎಂದರು ಅಜ್ಜಿ.

“ಇವತ್ತಿಂದು ಆಗಲಿಲ್ಲವಲ್ಲ ಅತ್ತೆ” ಎಂದರು ಚಿಕ್ಕಮ್ಮ.

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖವನ್ನೊಬ್ಬರು ನೋಡಿದರು. ಎಂತಹ ಕೊಳಕರ ಮನೆಗೆ ಬಂದೆನೆಂದು ಒಬ್ಬರಿಗೆ, ಎಂತಹ ದುಂದುಗಾರಳನ್ನು ತಂದೆವೆಂದು ಇನ್ನೊಬ್ಬರಿಗೆ ಅನ್ನಿಸಿದ್ದರೆ ಅದರಲ್ಲಿ ಸೋಜಿಗವೇನೂ ಇಲ್ಲ. ಅಜ್ಜಿ ಗದರಲಿಲ್ಲ. “ಬಾವಿ ಅಲ್ಲಿದೆ, ಹಗ್ಗ ಇಲ್ಲಿದೆ. ಸೇದಿಕೊಂಡು ಎಷ್ಟು ಬೇಕಾದರೂ ಮೀಯಮ್ಮ, ಯಾರು ಬೇಡ ಅಂತಾರೆ?” ಎಂದರು. ಚಿಕ್ಕಮ್ಮ ಛಲವಂತೆ. ಮೂರು ವಾರ ದಿನವೂ ಮಿಂದರು. ನಾಲ್ಕನೆಯ ವಾರ ದಿನ ಬಿಟ್ಟು ದಿನವಾಯಿತು. ಮಾಘದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆಮೇಲೆ ಅವರು ತಮ್ಮದೇ ಆದ ಒಂದು ಕ್ರಮವನ್ನು ಕಂಡುಕೊಂಡರು. ಅರ್ಧ ಕೊಡ ನೀರಿನಲ್ಲಿ ಬಟ್ಟೆ ಅದ್ದಿ ಪ್ರತಿದಿನವೂ ಕತ್ತು, ಕಂಕುಳು, ಪಾದಗಳನ್ನು ಒರೆಸಿಕೊಂಡು ಸೀರೆ ಬದಲಿಸುವುದು, ಶುಕ್ರವಾರ ತಲೆಗೆ ಎರೆದುಕೊಳ್ಳುವುದು. ಒಂದೆರಡು ವರ್ಷಗಳಲ್ಲಿ ಅಜ್ಜಿಯೂ ಆ ಕ್ರಮವನ್ನು ಹಿಡಿದರು, ಆದರೆ ಅದನ್ನು ಸೊಸೆಯಿಂದ ಕಲಿತೆನೆಂದು ಎಂದೂ ಹೇಳಲಿಲ್ಲ.

ಈ ಅತ್ತೆ ಸೊಸೆಯರ ವಾದ ನಮ್ಮ ಮನೆಗೆ ಮಾತ್ರ ಸೇರಿದ್ದಲ್ಲ. ಜಗತ್ತಿನ ಚರಿತ್ರೆಯಲ್ಲಿಯೂ ಜನ ಮಿಂದದ್ದುಂಟು, ಮೀಯುವುದನ್ನು ಬಿಟ್ಟದ್ದೂ ಉಂಟು. ಸಿಂಧೂ ನದಿಯ ಬಯಲಿನ ಮೊಹೆಂಜೊದಾರೊದಲ್ಲಿ ಸುಮಾರು ೧೨ ಮೀಟರ್ ಉದ್ದ, ೭ ಮೀಟರ್ ಅಗಲದ ಇಟ್ಟಿಗೆಯ ಕೊಳವೊಂದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನದು. ರೋಮ್ ನಗರದಲ್ಲಿ ಕ್ರಿ.ಶ. ೨೧೬ರಲ್ಲಿ ತೆರೆದ ಕ್ಯಾರಕಲ್ಲಾ ಸ್ನಾನಗೃಹದಲ್ಲಿ ಒಂದೇ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನ ಮೀಯಬಹುದಾಗಿತ್ತು. ದೂರದ ಬೆಟ್ಟಗಳಿಂದ ಕಲ್ಲಿನ ಕಾಲುವೆಗಳಲ್ಲಿ ನೀರು ತಾನಾಗಿ ಹರಿದು ಬರುತ್ತಿದ್ದಾಗ ಜನ ಏಕೆ ಮೀಯಬಾರದು? ಅದೇ ಯೂರೋಪಿನಲ್ಲಿ ಹದಿನಾರು ಹದಿನೇಳನೆಯ ಶತಮಾನಗಳ ವೈದ್ಯರು, ಬಿಸಿನೀರಿನಿಂದ ಚರ್ಮದ ರಂಧ್ರಗಳು ತೆರೆದುಕೊಂಡು ಪ್ಲೇಗು ಒಳಹೊಕ್ಕೀತೆಂದು ಹೆದರಿಸಿದರು. ಆಗ ಸಿರಿವಂತರು ನೀರನ್ನು ಬಿಟ್ಟು ಬಟ್ಟೆಯನ್ನು ಹಿಡಿದರು. ಒಳಗೆ ತೊಡುವ ಬಿಳಿಯ ನಾರುಬಟ್ಟೆಯ ಅಂಗಿಯನ್ನು ಮತ್ತೆ ಮತ್ತೆ ಬದಲಿಸುವುದೇ ಶುಚಿತ್ವದ ಗುರುತಾಯಿತು. ಆ ಅಂಗಿಗಳನ್ನು ಹೊಳೆಯ ದಂಡೆಯಲ್ಲಿ ಒಗೆಯುತ್ತಿದ್ದ ಹೆಂಗಸರ ಕೈ ಏನಾಗುತ್ತಿತ್ತೆಂದು ಆ ಸಿರಿವಂತರು ಕೇಳಿದಂತೆ ತೋರುವುದಿಲ್ಲ.

ಶುಚಿತ್ವವು ಹೀಗೆ ಅಂತಸ್ತಿನ ಬಿಲ್ಲೆಯಾದಾಗ ಅದು ಬುದ್ಧಿಗೂ ಮಂಕು ಕವಿಸುತ್ತದೆ. ೧೮೪೭ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮಾಡಿ ಬಂದ ವೈದ್ಯರು ಸುಣ್ಣದ ಕ್ಲೋರೈಡು ಬೆರೆಸಿದ ನೀರಿನಲ್ಲಿ ಕೈ ತೊಳೆದ ಮೇಲೆಯೇ ಬಾಣಂತಿಯರನ್ನು ಮುಟ್ಟಬೇಕೆಂದು ಕಟ್ಟುಮಾಡಿದನು. ಬಾಣಂತಿಯರ ಸಾವು ಕಣ್ಣಿಗೆ ಕಾಣುವಂತೆ ಇಳಿಯಿತು. ಆದರೂ ಅನೇಕ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮಂತಹ ಗೃಹಸ್ಥರ ಕೈಯೂ ಸಾವನ್ನು ಹೊತ್ತು ತರಬಲ್ಲುದೆಂಬುದು ಅವರಿಗೆ ಸಹ್ಯವಾಗಲಿಲ್ಲ.

ನಮ್ಮಲ್ಲಿ ಇದು ಇನ್ನೂ ಕಠೋರವಾದ ರೂಪವನ್ನು ತಾಳಿತ್ತು. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಸೋಮವಾರ ಉಗುರು, ತಲೆ, ಅಂಗಿಗಳ ತಪಾಸಣೆ ನಡೆಯುತ್ತಿತ್ತು. ಊರಾಚೆಯ ಕೇರಿಯಿಂದ ಬರುತ್ತಿದ್ದ ಹುಡುಗನೊಬ್ಬನು ಆ ದಿನ ಹಿಂದಿನ ಸಾಲಿನಲ್ಲಿ ನಿಲ್ಲುವುದು ವಾಡಿಕೆಯೇ ಆಗಿತ್ತು. ಒಮ್ಮೆ ಮೇಷ್ಟ್ರು, “ಸ್ನಾನ ಮಾಡಿ ಎಷ್ಟು ದಿನವಾಯಿತೋ?” ಎಂದು ಕೇಳಿದರು. ಹುಡುಗ, “ಅವ್ವ ಮೂರು ದಿನದಿಂದ ಬಾವಿ ಹತ್ತಿರ ಕಾದು ಅರ್ಧ ಕೊಡ ತರ್ತಾಳೆ ಮೇಷ್ಟ್ರೇ. ನೀರು ಹೊಯ್ಯೋರು ಬರೋದೇ ಇಲ್ಲ” ಎಂದನು. ಆ ಮಾತಿನ ಅರ್ಥ ತರಗತಿಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಆ ಕೇರಿಯವರು ಬಾವಿಯ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡವಿಟ್ಟುಕೊಂಡು, ಸೇದುವವರಲ್ಲಿ ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ಹೊಯ್ಯುವವರೆಗೆ ಕಾಯಬೇಕಾಗಿತ್ತು. ಯಾರೂ ನಗಲಿಲ್ಲ. ಮೇಷ್ಟ್ರು ಬೆತ್ತವನ್ನು ಮೇಜಿನ ಮೇಲಿಟ್ಟು ಹಾಜರಿ ಕರೆಯತೊಡಗಿದರು.

ನೀರನ್ನು ಮುಟ್ಟಬೇಡವೆಂದು ತಡೆದವರೇ, ನೀನು ಕೊಳಕನೆಂದು ದೂರವಿಡುವ ಈ ನ್ಯಾಯವನ್ನು ಬಹಿರಂಗವಾಗಿ ಪ್ರಶ್ನಿಸಿದವರು ಡಾಕ್ಟರ್ ಬಿ. ಆರ್. ಅಂಬೇಡ್ಕರರು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಬೊಂಬಾಯಿಯ ಶಾಸನ ಸಭೆ ೧೯೨೩ರಲ್ಲಿಯೇ ನಿರ್ಣಯ ಮಾಡಿತ್ತು. ಕೊಂಕಣದ ಮಹಾಡ್ ಪಟ್ಟಣದಲ್ಲಿ ಚವದಾರ್ ಎಂಬ ಕೆರೆಯಿದೆ. ಅಲ್ಲಿಯ ಪುರಸಭೆಯೂ ಆ ನಿರ್ಣಯವನ್ನು ಒಪ್ಪಿತ್ತು. ಆದರೆ ಕಾಗದದ ಮೇಲಿನ ನೀರಿನಿಂದ ಬಾಯಾರಿಕೆ ಹೋಗುವುದಿಲ್ಲ. ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ಆ ಕೆರೆಗೆ ನಡೆದುಹೋಗಿ ನೀರನ್ನು ಕುಡಿದರು. ಅನಂತರ ಊರಿನ ಸವರ್ಣೀಯರು ಸೇರಿ, ಕೆರೆ ಮೈಲಿಗೆಯಾಯಿತೆಂದು ಕೊಡಗಟ್ಟಲೆ ಗೋಮಯ, ಗೋಮೂತ್ರ, ಹಾಲು, ಮೊಸರುಗಳನ್ನು ಅದಕ್ಕೆ ಸುರಿದು ‘ಶುದ್ಧಿ’ ಮಾಡಿದರು. ಕುಡಿಯುವ ನೀರಿಗೆ ಸಗಣಿ ಬೆರೆಸಿ ಅದನ್ನು ಶುದ್ಧಿಯೆಂದು ಕರೆಯಬೇಕಾದರೆ, ಮಡಿಗೂ ಶುಚಿತ್ವಕ್ಕೂ ನಡುವೆ ಎಷ್ಟು ಹರದಾರಿ ದೂರವಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆರೆಯ ಮೇಲಿನ ವ್ಯಾಜ್ಯ ಹತ್ತು ವರ್ಷ ನಡೆದು, ೧೯೩೭ರಲ್ಲಿ ಬೊಂಬಾಯಿಯ ಉಚ್ಚ ನ್ಯಾಯಾಲಯದಲ್ಲಿ ಅಂಬೇಡ್ಕರರ ಪಕ್ಷ ಗೆದ್ದಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ಅನುಚ್ಛೇದವನ್ನು ತೆರೆದು ನೋಡಿ. ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದ ಸ್ಥಳಗಳ ಪಟ್ಟಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಮಾತುಗಳೇ ಇವೆ. ದೇಶದ ಮೂಲ ಶಾಸನದಲ್ಲಿ ಸ್ನಾನಘಟ್ಟವನ್ನು ಹೆಸರಿಸಬೇಕಾಗಿ ಬಂದಿತೆಂದರೆ, ಸ್ನಾನವು ಅಷ್ಟು ಸಣ್ಣ ವಿಷಯವಲ್ಲವೆಂದಾಯಿತು.

ನಮ್ಮೂರಿನ ಆ ಕೇರಿಗೆ ಮುಂದೆ ಒಂದು ಬೋರಿಂಗು ಬಂದಿತು. ಕೈಯಿಂದ ಒತ್ತಿ ನೀರೆತ್ತುವ ಕಬ್ಬಿಣದ ಕೊಳವೆ. ಮೊದಲ ದಿನ ಮಕ್ಕಳೆಲ್ಲ ಅದರ ಕೆಳಗೆ ಕುಳಿತು ಸರದಿಯಂತೆ ಮಿಂದರು. ಒತ್ತುವವನೊಬ್ಬ, ತಲೆ ಒಡ್ಡುವವನೊಬ್ಬ. ನೈರ್ಮಲ್ಯದ ಮೇಲೆ ನಮ್ಮ ಶಾಲೆಯಲ್ಲಿ ನಡೆದ ಭಾಷಣಗಳಿಗೆ ಲೆಕ್ಕವಿರಲಿಲ್ಲ. ಅವೆಲ್ಲವುಗಳಿಂದ ಆಗದಿದ್ದ ಕೆಲಸವನ್ನು ಆ ಕಬ್ಬಿಣದ ಹಿಡಿ ಒಂದು ಮಧ್ಯಾಹ್ನದಲ್ಲಿ ಮಾಡಿತು.

ಸಾಬೂನಿನ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ಮೈಸೂರು ಸಂಸ್ಥಾನದಲ್ಲಿ ೧೯೧೬ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ೧೯೧೮ರಲ್ಲಿ ಅದೇ ಎಣ್ಣೆಯಿಂದ ಗಂಧದ ಸಾಬೂನನ್ನು ತಯಾರಿಸತೊಡಗಿದರು. ನಮ್ಮ ಮನೆಯಲ್ಲಿ ಅಂತಹ ಸಾಬೂನು ನೆಂಟರು ಬಂದಾಗ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಸೀಗೆಪುಡಿ, ಕಡಲೆಹಿಟ್ಟುಗಳ ಕಾಲದಲ್ಲಿ ಸ್ನಾನವೆಂದರೆ ಕೊಳೆಯನ್ನು ತೆಗೆಯುವುದಾಗಿತ್ತು. ಸಾಬೂನು ಮನೆಮನೆಗೆ ಬಂದ ಮೇಲೆ ಅದು ಪರಿಮಳವನ್ನು ಹಚ್ಚಿಕೊಳ್ಳುವುದೂ ಆಯಿತು. ಕೊಳೆಗೆ ಒಂದು ಮಿತಿಯುಂಟು, ಪರಿಮಳಕ್ಕೆ ಇಲ್ಲ. ಜಾಹೀರಾತಿನವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಬೆಂಗಳೂರಿನಂತಹ ನಗರದಲ್ಲಿ ಗೋಡೆಯಲ್ಲಿರುವ ತಿರುಪನ್ನು ತಿರುಗಿಸಿದರೆ ತಲೆಯ ಮೇಲೆ ಮಳೆ ಸುರಿಯುತ್ತದೆ. ಆ ನೀರು ಸುಮಾರು ೧೦೦ ಕಿಲೋಮೀಟರ್ ದೂರದ ಕಾವೇರಿಯಿಂದ ಬಂದದ್ದು, ಯಂತ್ರಗಳು ಅದನ್ನು ಸುಮಾರು ೫೦೦ ಮೀಟರಿನಷ್ಟು ಮೇಲಕ್ಕೆತ್ತಿ ಕಳುಹಿಸುತ್ತವೆ ಎಂಬುದು ಮೀಯುವವನ ನೆನಪಿಗೆ ಬರುವುದಿಲ್ಲ. ಅಜ್ಜಿಯ ಬಾವಿ ೬೦ ಅಡಿ, ಇದು ಅದಕ್ಕಿಂತ ಎಷ್ಟೋ ಪಾಲು ಆಳದ ಬಾವಿ. ಹಗ್ಗ ಮಾತ್ರ ಕಾಣುವುದಿಲ್ಲ. ಬಕೆಟ್ಟಿನ ಸ್ನಾನಕ್ಕೆ ೧೫ರಿಂದ ೨೦ ಲೀಟರ್ ನೀರು ಸಾಕು. ಸಾಧಾರಣ ಷವರ್ ಎರಡೇ ನಿಮಿಷದಲ್ಲಿ ಅಷ್ಟನ್ನು ಸುರಿಸಿಬಿಡುತ್ತದೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ೨೦೧೮ರ ಬರಗಾಲದಲ್ಲಿ ಒಬ್ಬರಿಗೆ ದಿನಕ್ಕೆ ೫೦ ಲೀಟರೆಂದು ನಿಗದಿ ಮಾಡಿದರು. ಅಡಿಗೆ, ಸ್ನಾನ, ಬಟ್ಟೆ, ಶೌಚ ಎಲ್ಲವೂ ಅಷ್ಟರಲ್ಲಿಯೇ. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ೫೦೦೦ ರೂಪಾಯಿ ದಂಡ ಹಾಕಿದರು. ಅಂತಹ ದಿನಗಳಲ್ಲಿ ಸ್ನಾನವನ್ನು ಲೆಕ್ಕ ಮಾಡುವವನನ್ನು ಕೊಳಕನೆಂದು ಯಾರೂ ಕರೆಯುವುದಿಲ್ಲ. ಚರ್ಮವೈದ್ಯರೂ ಈಗ ಅಜ್ಜಿಯ ಕಡೆಗೆ ಸ್ವಲ್ಪ ವಾಲಿದ್ದಾರೆ. ಇಡೀ ಮೈಗೆ ದಿನವೂ ಸಾಬೂನು ತಿಕ್ಕಿದರೆ ಚರ್ಮದ ಸಹಜವಾದ ಎಣ್ಣೆ ಹೋಗಿ ಅದು ಒಣಗುತ್ತದೆಂದೂ, ಕಂಕುಳು, ತೊಡೆಸಂದು, ಪಾದಗಳಿಗೆ ಹೆಚ್ಚು ಗಮನ ಕೊಡಬೇಕೆಂದೂ ಅವರು ಹೇಳುತ್ತಾರೆ. ಕೈಯ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ೨೦೨೦ರಲ್ಲಿ ಕೊರೋನಾ ಬಂದಾಗ ಜಗತ್ತೆಲ್ಲ ೨೦ ಸೆಕೆಂಡು ಎಣಿಸುತ್ತ ಕೈ ತೊಳೆದದ್ದು ಇದೇ ಕಾರಣಕ್ಕೆ. ಹಾಗಾದರೆ ದಿನವೂ ಮೀಯಬೇಕೇ, ಬೇಡವೇ? ಗದ್ದೆಯಲ್ಲಿ ದುಡಿದು ಬಂದವನಿಗೂ ಬೀಸಣಿಗೆಯ ಕೆಳಗೆ ಕುಳಿತು ಬರೆಯುವ ನನಗೂ ಒಂದೇ ಉತ್ತರ ಸಲ್ಲದು.

ಚಿಕ್ಕಮ್ಮನಿಗೆ ಈಗ ಎಂಬತ್ತು ಸಮೀಪಿಸಿದೆ. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಐದನೆಯ ಅಂತಸ್ತಿನ ಮನೆ. ಬಚ್ಚಲುಮನೆಯಲ್ಲಿ ಷವರ್ ಇದೆ. ಅವರು ದಿನವೂ ಮೀಯುತ್ತಾರೆ, ಆದರೆ ಬಕೆಟ್ಟು ಚೊಂಬುಗಳನ್ನು ಬಿಟ್ಟಿಲ್ಲ. ಬಿಸಿನೀರಿನ ನಲ್ಲಿಯನ್ನು ತಿರುಗಿಸಿದಾಗ ಮೊದಲು ಸ್ವಲ್ಪ ಹೊತ್ತು ತಣ್ಣೀರೇ ಬರುವುದಷ್ಟೆ. ಮನೆಯವರೆಲ್ಲ ಅದನ್ನು ಹಾಗೆಯೇ ಹರಿಯಬಿಡುತ್ತಾರೆ. ಚಿಕ್ಕಮ್ಮ ಅದನ್ನು ಬೇರೊಂದು ಬಕೆಟ್ಟಿನಲ್ಲಿ ಹಿಡಿದಿಡುತ್ತಾರೆ. ಮೊಮ್ಮಕ್ಕಳು, “ಅದೆಷ್ಟು ನೀರು ಅಜ್ಜಿ, ಚೆಲ್ಲಿ ಹೋಗಲಿ” ಎಂದರೆ, “ಮೂರು ಚೊಂಬು” ಎಂದು ಎಣಿಸಿ ಹೇಳುತ್ತಾರೆ. ಮಹಡಿಯ ಮೇಲಿನ ಕರಿಬೇವಿನ ಕುಂಡಕ್ಕೆ ಹೋಗುವುದು ಆ ನೀರು.